ದೀಪಾವಳಿ, ಕ್ರಿಸ್‌ಮಸ್ ಕ್ಯಾಂಡಲ್‌ಗೆ ಯಾವ ಮೇಣ? ಪ್ಯಾರಾಫಿನ್, ಸೋಯಾ, ಜೇನುಮೇಣ ಮೂರನ್ನೂ ಉರಿಸಿ ನೋಡಿದೆ

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕ್ಯಾಂಡಲ್ ತಾನೇ ನೆಟ್ಟಗೆ ನಿಲ್ಲಬೇಕಾ, ಬಟ್ಟಲಲ್ಲಿ ಕೂರಬೇಕಾ, ಅಷ್ಟು ನೋಡಿ ಮೇಣ ಆರಿಸಿ. ಬೆಲೆ ಆಮೇಲಿನ ಮಾತು.

ನಿಲ್ಲುವ ಕ್ಯಾಂಡಲ್‌ಗೆ ನನ್ನ ಓಟು ಪ್ಯಾರಾಫಿನ್‌ಗೆ, ಅಂದರೆ ಅಂಗಡಿಯ ಮಾಮೂಲಿ ಕ್ಯಾಂಡಲ್‌ಗಳಲ್ಲಿರುವ ಪೆಟ್ರೋಲಿಯಂ ಮೇಣಕ್ಕೆ. ಸುಮಾರು 60 ಡಿಗ್ರಿಗೆ ಕರಗುತ್ತದೆ, ಆರಿದ ಮೇಲೆ ಗಟ್ಟಿ. ಹತ್ತು ಭಾಗ ಮೇಣಕ್ಕೆ ಒಂದು ಭಾಗ ಸ್ಟಿಯರಿಕ್ ಆಸಿಡ್ (ಕೊಬ್ಬು, ಎಣ್ಣೆಯಿಂದ ತೆಗೆಯುವ ಮೇಣದಂಥ ಬಿಳಿ ಪದಾರ್ಥ) ಸೇರಿಸಿದರೆ ಬಣ್ಣ ದಟ್ಟವಾಗಿ ಬರುತ್ತದೆ, ಅಚ್ಚಿನಿಂದ ಸಲೀಸಾಗಿ ಕಳಚುತ್ತದೆ. ಒಂದೇ ತಾಪತ್ರಯ, ಆರುವಾಗ ಕುಗ್ಗಿ ಬತ್ತಿಯ ಸುತ್ತ ಗುಂಡಿ ಬೀಳುತ್ತದೆ. ಅದಕ್ಕೇ ಸ್ವಲ್ಪ ಮೇಣ ಉಳಿಸಿಕೊಂಡು ಮತ್ತೆ ಸುರಿಯಬೇಕು. ನನಗೆ ತುಂಬಾ ಇಷ್ಟವಾದದ್ದು ಐಸ್ ಕ್ಯಾಂಡಲ್: ರಟ್ಟಿನ ಜ್ಯೂಸ್ ಡಬ್ಬಿಯ ಮೇಲ್ಭಾಗ ಕತ್ತರಿಸಿ, ನಡುವೆ ಅಂಗಡಿಯ ಒಂದು ತೆಳು ಕ್ಯಾಂಡಲ್ ನಿಲ್ಲಿಸಿ, ಸುತ್ತ ಐಸ್ ತುಂಡು ತುಂಬಿ, ಬಿಸಿ ಮೇಣ ಸುರಿದುಬಿಡಿ. ಮೇಣ ಗಟ್ಟಿಯಾದ ಮೇಲೆ ನೀರು ಬಸಿದು ರಟ್ಟು ಸುಲಿದರೆ, ಐಸ್ ಇದ್ದ ಕಡೆಯೆಲ್ಲ ಪೊಟರೆ ಪೊಟರೆ, ಒಳಗಿನ ಬೆಳಕು ಆ ಸಂದುಗಳಿಂದ ಗೋಡೆ ಮೇಲೆ ಬೀಳುತ್ತದೆ. ಪೂರ್ತಿ ಒಣಗದೆ ಹಚ್ಚಬೇಡಿ, ಚಟಪಟ ಸಿಡಿಯುತ್ತದೆ.

ಇದನ್ನೇ ಸೋಯಾದಲ್ಲಿ ಮಾಡಿದರೆ ಅಂಚೆಲ್ಲ ಪುಡಿಪುಡಿ. ಬಟ್ಟಲಿಗೆಂದು ಮಾರುವ ಸೋಯಾ ಮೇಣ 50 ಡಿಗ್ರಿ ಆಸುಪಾಸಿನಲ್ಲೇ ಕರಗುವಂಥದ್ದು, ಮೆತ್ತಗೆ. ಆದರೆ ದಪ್ಪ ಗಾಜಿನ ಬಾಟಲಿಗೆ ಹಾಕಿ ನೋಡಿ, ಅಲ್ಲಿ ಇದಕ್ಕೆ ಸಾಟಿಯಿಲ್ಲ! ಕೆನೆಯಂಥ ಬಿಳುಪು, ನಿಧಾನದ ಉರಿ, ಪಾತ್ರೆಯನ್ನು ಬಿಸಿನೀರು ಸೋಪಿನಲ್ಲಿ ತೊಳೆದರೆ ಸಾಕು. ಪ್ಯಾರಾಫಿನ್ ಅಂಟಿದ ಪಾತ್ರೆ ಉಜ್ಜಿದವರಿಗೆ ಇದರ ಬೆಲೆ ಗೊತ್ತು, ಅಲ್ವಾ? ಬಣ್ಣ ಹಾಕಿದರೆ ಮಾತ್ರ ಮೇಲೆ ಬೂದು ಹಿಡಿದಂತೆ ಬಿಳಿ ಪೊರೆ ಕಾಣಿಸಿಕೊಳ್ಳುತ್ತದೆ, ಉರಿಯುವುದಕ್ಕೆ ಅದರಿಂದೇನೂ ತೊಂದರೆಯಿಲ್ಲ. ನಾನು ಸೋಯಾವನ್ನು ಬಿಳಿಯಾಗಿಯೇ ಬಿಡುತ್ತೇನೆ. ಮಣ್ಣಿನ ಹಣತೆಗೂ ಹಾಕಬಹುದು, ಹಣತೆ ಸ್ವಲ್ಪ ಮೇಣ ಕುಡಿಯುತ್ತದೆ, ಕೆಳಗೆ ತಟ್ಟೆ ಇಡಿ.

ಜೇನುಮೇಣ ಮೂರರಲ್ಲೂ ದುಬಾರಿ. ಅಚ್ಚಿಗೆ ಬಲವಾಗಿ ಅಂಟಿಕೊಳ್ಳುತ್ತದೆ, ಬತ್ತಿಯೂ ದಪ್ಪ ಬೇಕು, ತೆಳು ಬತ್ತಿ ಹಾಕಿದರೆ ಉರಿ ಕರಗಿದ ಮೇಣದಲ್ಲೇ ಮುಳುಗುತ್ತದೆ. ಸುಮ್ನೆ ಹಾಳೆಯ ರೂಪದಲ್ಲೇ ತನ್ನಿ, ಜೇನುಪೆಟ್ಟಿಗೆಯ ಚೌಕಟ್ಟಿಗೆ ಹಾಕುವ, ಆರು ಮೂಲೆಯ ಅಚ್ಚೊತ್ತಿದ ಹಾಳೆ. ಹೇರ್ ಡ್ರೈಯರ್‌ನಿಂದ ತುಸು ಬೆಚ್ಚಗೆ ಮಾಡಿ, ಅಂಚಿಗೆ ಬತ್ತಿ ಇಟ್ಟು ಬಿಗಿಯಾಗಿ ಸುತ್ತಿದರೆ ಮುಗಿಯಿತು. ಒಲೆಯೇ ಬೇಡ, ಮಕ್ಕಳ ಜೊತೆ ಕೂತು ಮಾಡುವುದಕ್ಕೆ ಇದೇ ಸರಿ. ಕ್ರಿಸ್‌ಮಸ್ ಊಟದ ಮೇಜಿಗೆ ಆ ಹಳದಿ, ಆ ಜೇನಿನ ಪರಿಮಳ ಎರಡೂ ಒಪ್ಪುತ್ತವೆ, ಬೇರೆ ಸೆಂಟ್ ಹಾಕಿ ಕೆಡಿಸಬೇಡಿ.

ಕರಗಿಸುವಾಗ ಯಾವ ಮೇಣವನ್ನೂ ನೇರ ಉರಿಗೆ ಇಡಬೇಡಿ, ನೀರಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟೇ ಕರಗಿಸಿ. ಅಕಸ್ಮಾತ್ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ, ನೀರು ಮಾತ್ರ ಹಾಕಲೇಬೇಡಿ. ಬಣ್ಣಕ್ಕೆ ಅಡುಗೆಯ ಬಣ್ಣ ಆಗಲ್ಲ, ಅದು ನೀರಿನದ್ದು, ಮೇಣದಲ್ಲಿ ಬೆರೆಯುವುದಿಲ್ಲ. ಕ್ರೇಯಾನ್ ಬೆರೆಯುತ್ತದೆ, ಆದರೆ ಜಾಸ್ತಿ ಹಾಕಿದರೆ ಬತ್ತಿ ಕಟ್ಟಿಕೊಂಡು ಉರಿ ಸಣ್ಣಗಾಗುತ್ತದೆ. ಕ್ಯಾಂಡಲ್‌ಗೆಂದೇ ಮಾರುವ ಬಣ್ಣ ಒಂದು ಚಿಟಿಕೆ ಸಾಕಾಗುತ್ತದೆ.