ಕಾಳಾಮುಖರ ಬೆನ್ನು ಹತ್ತಿದವರಿಗೆ ರೈಸ್ ಸಂಪುಟ: ಬಳಕೆದಾರರ ವಿಮರ್ಶೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ಗುಡಿ ನೋಡಿಕೊಂಡು ಬಂದು ಮೊಬೈಲಿನಲ್ಲಿ ‘ಕಾಳಾಮುಖ’ ಅಂತ ಹುಡುಕಿದವರಿಗೆ ತಲೆಬುರುಡೆಯ ಕಥೆಗಳು ಎದುರಾಗುತ್ತವೆ. ಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು, ಅದನ್ನೇ ತಿನ್ನುವವರು, ಹೆಂಡದ ಗಡಿಗೆ ಇಟ್ಟು ಪೂಜೆ ಮಾಡುವವರು. ಬಳ್ಳಿಗಾವಿಯ ಕಲ್ಲು ಓದಿದರೆ ಬೇರೆಯೇ ಜನ ಕಾಣುತ್ತಾರೆ: ವೇದ, ವ್ಯಾಕರಣ ಹೇಳಿಕೊಡುವವರು, ಕುಂಟರಿಗೆ ಕುರುಡರಿಗೆ ಅನ್ನ ಹಾಕುವವರು. ಎರಡೂ ಒಂದೇ ಪಂಥದ, ಹಿಂದೆ ಕನ್ನಡ ನಾಡಿನಲ್ಲಿದ್ದ ಕಾಳಾಮುಖ ಎಂಬ ಶೈವ ಪಂಥದ ಮಾತು. ಯಾವುದನ್ನು ಎಷ್ಟು ನಂಬಬೇಕು ಅಂತ ತೂಗಲು ಪುಕ್ಕಟೆ ಸಿಗುವ ತಕ್ಕಡಿ ಒಂದಿದೆ. ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಸ್ಕ್ಯಾನ್ ಪ್ರತಿ. ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು. ಬಳಸುವ ಕ್ರಮ ಗೊತ್ತಿಲ್ಲದವರ ಕೈಯಲ್ಲಿ ಇದೇ ಪುಸ್ತಕ ಎರಡಕ್ಕೆ ಇಳಿಯುತ್ತದೆ.

ಮೊದಲು ಒಳಗೇನಿದೆ ಅಂತ ನೋಡೋಣ. 1902ರಲ್ಲಿ ಅಚ್ಚಾದ ಈ ಸಂಪುಟ ಅಂದಿನ ಶಿವಮೊಗ್ಗ ಜಿಲ್ಲೆಯ ಮೊದಲ ಭಾಗ: ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು. ಕೊನೆಯ ಎರಡು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿವೆ, ಆದರೆ ಪುಸ್ತಕಕ್ಕೆ ಅದು ಗೊತ್ತಿಲ್ಲ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಬೇಕಾದರೆ 1904ರ 8ನೇ ಸಂಪುಟ ತೆಗೆಯಬೇಕು. ಹೊಸನಗರದವರು ತಮ್ಮ ಊರಿನ ಹೆಸರು ಹುಡುಕಿ ಬೇಸರಪಡುವುದು ಬೇಡ, ‘ನಗರ’ ತಾಲ್ಲೂಕಿನಡಿ ನೋಡಿ.

ಪ್ರತಿ ಶಾಸನವೂ ಮೂರು ಕಡೆ ಬರುತ್ತದೆ: ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ. ಒಂದೊಂದು ಭಾಗಕ್ಕೂ ಪುಟಸಂಖ್ಯೆ ಮತ್ತೆ ಒಂದರಿಂದ ಶುರು. ಹೊಸಬರು ಎಡವುವುದು ಇಲ್ಲೇ. ‘7ನೇ ಸಂಪುಟ, ಪುಟ 70’ ಅಂತ ಬರೆದಿಟ್ಟುಕೊಂಡರೆ ಆರು ತಿಂಗಳ ಮೇಲೆ ಅದು ಯಾವ 70 ಅಂತ ಬರೆದವರಿಗೇ ತಿಳಿಯುವುದಿಲ್ಲ. ಪುಟ ಬಿಟ್ಟುಬಿಡಿ, ತಾಲ್ಲೂಕು ಮತ್ತು ಶಾಸನದ ಸಂಖ್ಯೆ ಬರೆಯಿರಿ. ಶಿಕಾರಿಪುರ 102 ಅಂದರೆ ಮೂರೂ ಭಾಗಗಳಲ್ಲಿ ಅದೇ ಶಾಸನ ಸಿಗುತ್ತದೆ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ಇದೇ ಹೆಸರಿನ ಪರಿಷ್ಕೃತ ಆವೃತ್ತಿ ತರತೊಡಗಿತು, ಅದರ ಸಂಪುಟಗಳ ಎಣಿಕೆಯೇ ಬೇರೆ. ಪರಿಷ್ಕೃತ 7ನೇ ಸಂಪುಟ ಮಂಡ್ಯ ಕಡೆಯದು: ನಾಗಮಂಗಲ, ಮದ್ದೂರು, ಮಳವಳ್ಳಿ, ಮಂಡ್ಯ. ಯಾವುದಾದರೂ ಲೇಖನದಲ್ಲಿ ಬರೀ ‘ಎ.ಕ. 7’ ಅಂತಿದ್ದು ಆವೃತ್ತಿ ಹೇಳಿಲ್ಲವಾದರೆ ಆ ಲೇಖಕ ಮೂಲ ತೆರೆದಿದ್ದಾನೋ ಬೇರೆಯವರ ಅಡಿಟಿಪ್ಪಣಿ ಎತ್ತಿದ್ದಾನೋ ಅಂತ ಅನುಮಾನಪಡುವುದಕ್ಕೆ ಅದೇ ಸಾಕು. ಎತ್ತಿಕೊಂಡ ಅಡಿಟಿಪ್ಪಣಿ ಹಿಡಿಯುವುದು ಕಷ್ಟವೇನಲ್ಲ. ಅವರು ಹೇಳಿದ ಸಂಖ್ಯೆಯ ಶಾಸನವನ್ನು ತೆಗೆದು ನೋಡಿ, ಅದರಲ್ಲಿ ಕಾಳಾಮುಖರ ಸುಳಿವೇ ಇಲ್ಲದಿದ್ದರೆ ಸಂಗತಿ ಗೊತ್ತಾಯಿತು.

ಹುಡುಕಾಟದ ವಿಷಯಕ್ಕೆ ಬಂದರೆ ಸ್ಕ್ಯಾನ್ ಪ್ರತಿ ಸ್ವಲ್ಪ ಗೋಳು ಹೊಯ್ದುಕೊಳ್ಳುತ್ತದೆ. ತಲೆಯ ಮೇಲೆ ಗೆರೆ, ಕಾಲಿನಡಿ ಚುಕ್ಕೆ ಇರುವ ರೋಮನ್ ಅಕ್ಷರಗಳನ್ನು ಯಂತ್ರ ತಪ್ಪು ಓದುತ್ತದೆ. ಕನ್ನಡ ಭಾಗದಲ್ಲಂತೂ ಹುಡುಕುವ ಆಸೆ ಬೇಡ. ಇಡೀ ಪದ ಹಾಕುವ ಬದಲು ತುಂಡು ಹಾಕಿ. ‘ಕಾಳಾಮುಖ’ದ ಬದಲು ಬರೀ ‘ಮುಖ’ದ ಇಂಗ್ಲಿಷ್ ಅಕ್ಷರಗಳು. ಅದಕ್ಕಿಂತ ಜಾಣತನವೆಂದರೆ ಪಂಥದ ಹೆಸರನ್ನೇ ಬಿಟ್ಟು ಒಳಮಾತು ಹುಡುಕುವುದು: ಲಾಕುಳ, ಕೇದಾರ, ಶಕ್ತಿಪರ್ಷೆ, ಪರ್ವತಾವಳಿ, ಮೂವರಕೋಣೆಯ ಸಂತತಿ. ಬಳ್ಳಿಗಾವಿಯ ಗುರುಪರಂಪರೆ ತನ್ನನ್ನು ಗುರುತಿಸಿಕೊಂಡದ್ದು ಈ ಹೆಸರುಗಳಿಂದ. ಕಾಳಾಮುಖ ಎಂಬ ಪದ ಒಮ್ಮೆಯೂ ಬಾರದೆ ಶಾಸನ ಅವರದ್ದೇ ಆಗಿರಬಹುದು.

ಊರಿನ ಹೆಸರೂ ಒಂದೇ ರೀತಿ ನಿಲ್ಲುವುದಿಲ್ಲ. ಬಳ್ಳಿಗಾವೆ, ಬಳ್ಳಿಗ್ರಾಮ, ಬಳಿಪುರ, ಹಳೆಯ ಇಂಗ್ಲಿಷ್ ಬರಹಗಳಲ್ಲಿ ಬೆಳಗಾಮಿ; ಯಂತ್ರಾನುವಾದಕ್ಕೆ ಬಿಟ್ಟರೆ ನೇರ ಬೆಳಗಾವಿ ಜಿಲ್ಲೆಗೆ ಒಯ್ದು ಬಿಡುತ್ತದೆ. ‘ಕೋಡಿಮಠ’ ಅಂತ ಹುಡುಕಿದರಂತೂ ಅರಸೀಕೆರೆ ಕಡೆಯ ಹಾರನಹಳ್ಳಿ ಮಠದ ಭವಿಷ್ಯವಾಣಿಗಳ ಸುದ್ದಿ ಸಾಲುಗಟ್ಟುತ್ತದೆ. ಬಳ್ಳಿಗಾವಿಯ ಕೋಡಿಯಮಠ ಬೇರೆ.

ಆ ಕೋಡಿಯಮಠದ ಶಾಸನವೇ ಶಿಕಾರಿಪುರ 102, ಕ್ರಿ.ಶ. 1162ರದ್ದು, ಕಳಚುರಿ ಬಿಜ್ಜಳನ ಕಾಲ. ಸಂಪುಟದ ಬೆಲೆ ತಿಳಿಯಲು ಇದೊಂದು ಸಾಕು. ಮಠದ ವರ್ಣನೆಯಲ್ಲಿ ಒಂದೊಂದು ಕೆಲಸವನ್ನೂ ‘ಸ್ಥಾನ’ ಅಂತ ಕರೆಯುತ್ತಾ ಹೋಗುತ್ತದೆ. ನಾಲ್ಕು ವೇದಗಳನ್ನು ಅಂಗಸಹಿತ ಓದುವ ಸ್ಥಾನ; ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ಸ್ಥಾನ; ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನದ ಸ್ಥಾನ; ಲಾಕುಳ ಸಿದ್ಧಾಂತ (ಲಕುಲೀಶನ ಹೆಸರಿನ ಶೈವ ಮತ), ಪತಂಜಲಿಯ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಆಮೇಲೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಕ್ಷಪಣಕರು, ಏಕದಂಡಿ, ತ್ರಿದಂಡಿಗಳೆಂಬ ಸನ್ಯಾಸಿಗಳಿಗೆ ಅನ್ನದ ಸ್ಥಾನ; ದಿಕ್ಕಿಲ್ಲದ ರೋಗಿಗಳಿಗೆ ಔಷಧದ ಸ್ಥಾನ; ಎಲ್ಲ ಜೀವಿಗಳಿಗೂ ಅಭಯದ ಸ್ಥಾನ.

ಓದಿ ಮನಸ್ಸು ತುಂಬುತ್ತದೆ ನಿಜ, ಆದರೆ ಇದು ಹೊಗಳಿಕೆ. ಮಠದ ಕಡೆಯವರ ಮಾತನ್ನು ಮಠದ ಕಡೆಯ ಕವಿ ಬರೆದದ್ದು. ಬುರುಡೆಯ ಕಥೆಯನ್ನು ಅನುಮಾನಿಸುವವರು ಈ ಪಟ್ಟಿಯನ್ನು ಮಾತ್ರ ಕಣ್ಣಿಗೊತ್ತಿಕೊಳ್ಳುವುದು ನ್ಯಾಯವಲ್ಲ. ಶಾಸನವನ್ನು ಎರಡು ಹೋಳು ಮಾಡಿ ಓದಬೇಕು. ಮೊದಲ ಹೋಳು ಪ್ರಶಸ್ತಿ: ರಾಜನ ಬಿರುದು, ಗುರುವಿನ ವಿದ್ವತ್ತು, ಊರಿನ ಸೊಬಗು. ಇದು ಆ ಕಾಲದ ಜನ ಏನನ್ನು ದೊಡ್ಡದೆಂದು ಬಗೆದಿದ್ದರು ಅನ್ನುವುದಕ್ಕೆ ಸಾಕ್ಷಿ, ನಡೆದದ್ದಕ್ಕೆ ಅಲ್ಲ. ಎರಡನೆಯದು ದತ್ತಿ: ಯಾರು, ಯಾವ ದಿನ, ಯಾವ ಗುರುವಿನ ಕಾಲು ತೊಳೆದು ಧಾರೆಯೆರೆದರು, ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ) ಭೂಮಿ, ಎಲ್ಲೆ ಯಾವುದು. ಇದು ಕರಾರುಪತ್ರ. ಎಲ್ಲೆಯಲ್ಲಿ ಸುಳ್ಳು ಬರೆದರೆ ಪಕ್ಕದ ಗದ್ದೆಯವನು ಸುಮ್ಮನಿರುವುದಿಲ್ಲ. ದತ್ತಿ ಯಾಕಾಗಿ ಎಂಬ ಸಾಲು ಎಲ್ಲಕ್ಕಿಂತ ಮುಖ್ಯ. ದೇವರ ಅಂಗಭೋಗ (ಪೂಜೆ, ಅಲಂಕಾರ), ರಂಗಭೋಗ (ಹಾಡು, ಕುಣಿತ), ಖಂಡಸ್ಫುಟಿತ ಜೀರ್ಣೋದ್ಧಾರ (ಒಡೆದು ಬಿರಿದದ್ದರ ದುರಸ್ತಿ), ತಪೋಧನರ ಅಂದರೆ ತಪಸ್ವಿಗಳ ಆಹಾರದಾನ, ವಿದ್ಯಾದಾನ: ಇಂಥ ಬಾಬ್ತುಗಳಲ್ಲಿ ಯಾವುದಿದೆ, ಯಾವುದಿಲ್ಲ ಅಂತ ಶಾಸನದಿಂದ ಶಾಸನಕ್ಕೆ ಗುರುತು ಹಾಕುತ್ತಾ ಹೋಗಿ. ಹೊಗಳಿಕೆಯಲ್ಲಿ ಹೇಳಿದ ಪಾಠಶಾಲೆಗೆ ದತ್ತಿಯಲ್ಲಿ ಭೂಮಿಯೂ ಬಿಟ್ಟಿದ್ದರೆ ಆ ಮಾತಿಗೆ ಕಾಲು ಬಂತು.

ಪ್ರಶಸ್ತಿಯೊಳಗೂ ಅಚ್ಚಿನ ಮಾತುಗಳಿವೆ. ‘ಯಮ ನಿಯಮ ಸ್ವಾಧ್ಯಾಯ ಧ್ಯಾನ ಧಾರಣ ಮೌನಾನುಷ್ಠಾನ ಜಪ ಸಮಾಧಿ ಶೀಲಸಂಪನ್ನ’ ಎಂಬ ಉದ್ದನೆಯ ಸಾಲು ಕಂಡ ಕೂಡಲೇ ‘ನೋಡಿ, ಕಾಳಾಮುಖರು ಎಂಥ ಯೋಗಿಗಳು’ ಅಂತ ಬರೆದುಬಿಡುವವರಿದ್ದಾರೆ. ಅದೇ ಸಾಲನ್ನು ಅಗ್ರಹಾರದ ಮಹಾಜನರಿಗೂ, ಅಂದರೆ ಅಲ್ಲಿನ ಬ್ರಾಹ್ಮಣರಿಗೂ ಹಾಕುತ್ತಿದ್ದರು. ಮದುವೆ ಕರೆಯೋಲೆಯ ‘ಚಿರಂಜೀವಿ ಸೌಭಾಗ್ಯವತಿ’ಯಷ್ಟೇ ಅದರ ತೂಕ.

ಅನುವಾದವನ್ನಷ್ಟೇ ಓದಿದರೆ ಈ ಭೇದ ಕಾಣುವುದಿಲ್ಲ, ನಾವು ಒಂದು ಅಂಕ ಕಡಿದದ್ದು ಇದಕ್ಕೇ. ರೈಸ್ ಪದೇ ಪದೇ ಬರುವ ಬಿರುದು, ದತ್ತಿ ಕೆಡಿಸಿದವರಿಗೆ ಕೊನೆಯಲ್ಲಿ ಹಾಕುವ ಶಾಪದ ಮಾತುಗಳನ್ನು ‘ಎಂದಿನಂತೆ’ ಎಂಬರ್ಥದ ಪುಟ್ಟ ಮಾತಿನಲ್ಲಿ ಮುಗಿಸುತ್ತಾನೆ. ಅಷ್ಟೊಂದು ಶಾಸನ ಅಚ್ಚಿಗೆ ತರುವವನಿಗೆ ಅದು ಅನಿವಾರ್ಯ. ಪಂಥವೊಂದರ ಭಾಷೆಯನ್ನೇ ಹುಡುಕುವವರಿಗೆ ನಷ್ಟ. ಹಾಗಾಗಿ ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದು ಒಂದರಲ್ಲಿ ಅನುವಾದ, ಇನ್ನೊಂದರಲ್ಲಿ ಕನ್ನಡ ಪಾಠ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಈ ಕೆಲಸ ಆಗುವುದಿಲ್ಲ. ಹಳಗನ್ನಡ ಗೊತ್ತಿಲ್ಲದಿದ್ದರೂ ಗುರುವಿನ ಹೆಸರು, ಅಂಕಿ, ಊರು ಹೊಂದಿಸಿ ನೋಡಬಹುದು.

ಹೆಸರು ಹೊಂದಿಸುವಾಗ ಆತುರ ಬೇಡ. ಕೇದಾರಶಕ್ತಿ, ಅವನ ಶಿಷ್ಯ ಶ್ರೀಕಂಠ, ಅವನ ಶಿಷ್ಯ ಸೋಮೇಶ್ವರ, ಮುಂದೆ ವಾಮಶಕ್ತಿ ಅಂತ ಪರಂಪರೆ ಸಾಗುತ್ತದೆ. ‘ಶಕ್ತಿ’, ‘ರಾಶಿ’ ಅಂತ ಕೊನೆಯಾಗುವ ಹೆಸರುಗಳು ಈ ಪಂಥದಲ್ಲಿ ಮಾಮೂಲು, ಒಂದೇ ಹೆಸರು ಬೇರೆ ಬೇರೆ ಮಠದಲ್ಲಿ, ಬೇರೆ ತಲೆಮಾರಿನಲ್ಲಿ ಮರಳಿ ಬರುತ್ತದೆ. ಹೆಸರು, ಗುರುವಿನ ಹೆಸರು, ಇಸವಿ ಮೂರೂ ಕೂಡಿದರೆ ಮಾತ್ರ ಒಬ್ಬನೇ ಅಂತ ಬರೆಯಿರಿ.

ಇಸವಿಯ ಲೆಕ್ಕ: ಶಕವರ್ಷಕ್ಕೆ 78 ಕೂಡಿಸಿ, ಚಾಲುಕ್ಯ ವಿಕ್ರಮ ವರ್ಷಕ್ಕೆ (ಆರನೇ ವಿಕ್ರಮಾದಿತ್ಯ ತನ್ನ ಹೆಸರಿನಲ್ಲಿ ಶುರುಮಾಡಿದ ಎಣಿಕೆ) 1075. ಆಮೇಲೆ ಸಂವತ್ಸರದ ಹೆಸರಿನಿಂದ ತಾಳೆ ನೋಡಿ. ಶಕ 1084 ಅಂದರೆ 1162. ಆಗ ಚಿತ್ರಭಾನು ಸಂವತ್ಸರ ಇರಬೇಕು. 2002ರ ಯುಗಾದಿಗೆ ಬಂದದ್ದು ಚಿತ್ರಭಾನು, ಅದರಿಂದ ಅರವತ್ತರ ಹದಿನಾಲ್ಕು ಸುತ್ತು, ಅಂದರೆ 840 ಕಳೆದರೆ 1162. ಸರಿಹೋಯಿತು. ಒಂದು ವರ್ಷ ಹೆಚ್ಚುಕಮ್ಮಿ ಬಂದರೆ ಗಾಬರಿ ಬೇಡ, ನಡೆಯುತ್ತಿರುವ ವರ್ಷ ಎಣಿಸಿದರೋ ಕಳೆದ ವರ್ಷ ಎಣಿಸಿದರೋ ಎಂಬುದರ ವ್ಯತ್ಯಾಸ ಅದು. ಉತ್ತರಾಯಣ ಸಂಕ್ರಾಂತಿಯ ದತ್ತಿ ಸಿಕ್ಕಿದರೆ ಜನವರಿ 14 ಅಂತ ಹಾಕಬೇಡಿ. 12ನೇ ಶತಮಾನದಲ್ಲಿ ಅದು ಡಿಸೆಂಬರ್ 25ರ ಆಸುಪಾಸಿಗೆ ಬೀಳುತ್ತಿತ್ತು. ರೈಸ್ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೊಟ್ಟ ಇಸವಿಗಳು ಅಂದಾಜು. ಚಿಹ್ನೆಯನ್ನು ಬಿಟ್ಟು ಅಂಕಿಯನ್ನು ಮಾತ್ರ ನಕಲು ಮಾಡಿದ ಬರಹಗಳಿವೆ.

ಇನ್ನು ಬುರುಡೆಯ ಕಥೆ ಎಲ್ಲಿಂದ ಬಂತು? ಯಾಮುನಾಚಾರ್ಯರ ಆಗಮಪ್ರಾಮಾಣ್ಯದಲ್ಲಿದೆ, ರಾಮಾನುಜರ ಶ್ರೀಭಾಷ್ಯದಲ್ಲಿದೆ. ಇಬ್ಬರೂ ತಮಿಳು ನಾಡಿನ ವೈಷ್ಣವ ಆಚಾರ್ಯರು, ಶೈವ ಮತಗಳನ್ನು ಖಂಡಿಸುವ ಜಾಗದಲ್ಲಿ ಬರೆದದ್ದು. ವಾದದಲ್ಲಿ ಎದುರಾಳಿಯ ಚಿತ್ರ ಎದುರಾಳಿ ಒಪ್ಪುವಂತೆ ಇರುವುದಿಲ್ಲ. ಹಾಗಂತ ಎಸೆಯುವ ಹಾಗೂ ಇಲ್ಲ: ಆ ಕಾಲದಲ್ಲಿ ಕಾಳಾಮುಖರನ್ನು ಪ್ರತ್ಯೇಕ ಪಂಥವೆಂದು ಹೊರಗಿನವರು ಗುರುತಿಸುತ್ತಿದ್ದರು ಅನ್ನುವುದಕ್ಕೆ ಇವು ಗಟ್ಟಿ ಸಾಕ್ಷಿ. ಆಚರಣೆಗೆ ಮಾತ್ರ ಸಡಿಲ ಸಾಕ್ಷಿ. ಇವರ ಮೇಲಿನ ಆರೋಪದಲ್ಲಿ ಬುರುಡೆ ಹಿಡಿಯುವ ಇನ್ನೊಂದು ಶೈವ ಪಂಥವಾದ ಕಾಪಾಲಿಕರ ಲಕ್ಷಣ ಬೆರೆತಿರುವ ಸಾಧ್ಯತೆಯನ್ನು ಡೇವಿಡ್ ಲೊರೆನ್ಜೆನ್ 1972ರ ತಮ್ಮ ಪುಸ್ತಕದಲ್ಲಿ ಕನ್ನಡ ನಾಡಿನ ಶಾಸನಗಳನ್ನೇ ಮುಂದಿಟ್ಟು ಚರ್ಚಿಸಿದ್ದಾರೆ. ರೈಸ್ ಆದ ಮೇಲೆ ಓದಬೇಕಾದದ್ದು ಅದು, ಮೊದಲಲ್ಲ. ಮೊದಲೇ ಓದಿದರೆ ಅವರ ಕನ್ನಡಕದಲ್ಲೇ ಶಾಸನ ಕಾಣುತ್ತದೆ.

ಇಲ್ಲಿ ಒಂದು ಎಚ್ಚರ. ದತ್ತಿಯಲ್ಲಿ ಹೆಂಡದ ಗಡಿಗೆ ಇಲ್ಲ ಎಂದ ಮಾತ್ರಕ್ಕೆ ಆ ಪೂಜೆ ಇರಲಿಲ್ಲ ಅಂತ ಆಗುವುದಿಲ್ಲ. ಗುಟ್ಟಿನ ಆಚರಣೆಯನ್ನು ಯಾರೂ ಊರ ನಡುವಿನ ಕಲ್ಲಿನಲ್ಲಿ ಕೊರೆಸುವುದಿಲ್ಲ. ಶಾಸನ ಹೇಳಿದ್ದಕ್ಕೆ ಅದು ಸಾಕ್ಷಿ, ಹೇಳದ್ದಕ್ಕೆ ಅಲ್ಲ. ‘ಕಾಳಾಮುಖರೇ ಮುಂದೆ ವೀರಶೈವರಾದರು’ ಎಂಬ ಖಚಿತ ಮಾತಿಗೂ ಈ ಸಂಪುಟವನ್ನು ಆಧಾರ ಕೊಡುವವರಿದ್ದಾರೆ. ಕಾಳಾಮುಖ ಮಠಗಳಿದ್ದ ಜಾಗದಲ್ಲಿ ಮುಂದೆ ವೀರಶೈವ ಮಠ ಕಾಣುವುದು ಬೇರೆ, ಒಂದು ಪಂಥವೇ ಇನ್ನೊಂದಾಯಿತು ಅನ್ನುವುದು ಬೇರೆ. ವಿದ್ವಾಂಸರಲ್ಲಿ ಇದು ಇನ್ನೂ ಚರ್ಚೆಯ ವಿಷಯ.

ಸಂಪುಟ 1902ಕ್ಕೆ ನಿಂತಿದೆ. ಆಮೇಲೆ ಸಿಕ್ಕ ಶಾಸನಗಳಿಗೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ನೋಡಬೇಕು. ಆರ್ಕೈವ್‌ನಲ್ಲಿ ಇಳಿಸಿಕೊಂಡ ಕೂಡಲೇ ಕನ್ನಡ ಪಾಠದ ಕೊನೆಯ ಪುಟದವರೆಗೂ ಒಮ್ಮೆ ಸರಿಸಿ ನೋಡಿ, ಪುಟ ಹಾರಿದ್ದರೆ ಬೇರೆ ಗ್ರಂಥಾಲಯದ ಪ್ರತಿ ಹುಡುಕಿ.

ಕಲ್ಲನ್ನೇ ನೋಡಿ ತಾಳೆ ಮಾಡುವವರು ದೀಪಾವಳಿ ಕಳೆದ ಮೇಲೆ ಹೋಗಿ. ಮಳೆಗಾಲದ ಹಾವಸೆ ಅಕ್ಷರ ನುಂಗಿರುತ್ತದೆ. ಬಳ್ಳಿಗಾವಿ ಶಿರಾಳಕೊಪ್ಪದ ಮಗ್ಗುಲಲ್ಲೇ ಇದೆ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರದ ಕೊರೆತದಲ್ಲಿ ನೆರಳು ನಿಲ್ಲುತ್ತದೆ. ನಡುಮಧ್ಯಾಹ್ನ ಕಲ್ಲು ಬೋಳು ಬೋಳಾಗಿ ಕಾಣುತ್ತದೆ. ನೆರಳಲ್ಲಿದ್ದರೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ, ಎಡದಿಂದ ಒಂದು, ಬಲದಿಂದ ಒಂದು. ಸೀಮೆಸುಣ್ಣ, ರಂಗೋಲಿ ಪುಡಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಸಂರಕ್ಷಿತ ಸ್ಮಾರಕವನ್ನು ಕೆಡಿಸುವುದು ಕಾನೂನಿನ ಪ್ರಕಾರ ಅಪರಾಧ. ಅದಲ್ಲದೆ ಪುಡಿ ತುಂಬಿದ ಮೇಲೆ ಒಡೆದ ಗೀರು ಕೂಡ ಅಕ್ಷರದ ಹಾಗೇ ಕಾಣುತ್ತದೆ, ಇಲ್ಲದ ದೀರ್ಘ ಇದ್ದಂತಾಗುತ್ತದೆ.