ಅಣಬೆ ಮರುಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಹುಲ್ಲಿನ ಲೆಕ್ಕ ನೋಡಿ

ಪಕ್ಕದ ಊರಿನ ಸ್ತ್ರೀಶಕ್ತಿ ಸಂಘದ ಹುಡುಗಿಯೊಬ್ಬಳು ಕಳೆದ ವಾರ ಫೋನ್ ಮಾಡಿ, "ಅಕ್ಕಾ, ಅಣಬೆ ಕಂಪನಿಯವರು ಬಂದಿದ್ದಾರೆ, ಠೇವಣಿ ಕಟ್ಟಬಹುದೇ?" ಎಂದು ಕೇಳಿದಳು. ಎರಡು ವರ್ಷದ ಹಿಂದೆ ನಮ್ಮ ಜಗಲಿಯಲ್ಲಿ ಕುಳಿತು ಅಂಥದೇ ಕಂಪನಿಯವರೊಬ್ಬರು ಆಡಿಹೋದ ಮಾತುಗಳೇ ಅವಳ ಬಾಯಲ್ಲೂ ಬಂದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹುಲ್ಲು ತುಂಬಿ ಅಣಬೆ ಬೆಳೆಸುವ 500 ಚೀಲಕ್ಕೆ ಬೀಜ (ಅಣಬೆಯ ಎಳೆ ಹಬ್ಬಿಸಿದ ಕಾಳು), ಪ್ಲಾಸ್ಟಿಕ್, ತರಬೇತಿ ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ. ಭತ್ತದ ಹುಲ್ಲು ನಮ್ಮದೇ. ಒಂದು ಕಿಲೋ ಒಣಹುಲ್ಲಿಗೆ ಎರಡೂವರೆ ಕಿಲೋ ಚಿಪ್ಪು ಅಣಬೆ ಬರುತ್ತದೆ, ಒಣಗಿಸಿ ಕೊಟ್ಟರೆ ಕಿಲೋಗೆ 800 ರೂಪಾಯಿಗೆ ತಾವೇ ಕೊಳ್ಳುತ್ತೇವೆ ಎಂದರು. ಮಳೆಗೆ ನೆನೆದು ಬಣವೆಯಲ್ಲೇ ಕೊಳೆಯುವ ಹುಲ್ಲು ತಟ್ಟೆಯ ಊಟವಾಗುತ್ತದೆ ಎಂದು ಕೇಳಿ ನನ್ನ ಮನಸ್ಸು ಕರಗಿತು. ಆ ಆಸೆ ಈಗಲೂ ಹೋಗಿಲ್ಲ.

ನಮ್ಮ ದುಡಿಮೆಯಲ್ಲಿ ಕೊರತೆಯಿರಲಿಲ್ಲ. ಹುಲ್ಲನ್ನು ಎರಡೆರಡು ಅಂಗುಲಕ್ಕೆ ಕತ್ತರಿಸಿ, ರಾತ್ರಿ ನೆನೆಹಾಕಿ, ಹಂಡೆಯ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಬಸಿದು, ಪದರ ಪದರವಾಗಿ ಬೀಜ ಹಾಕಿದೆವು. ಆದರೆ ಬೀಜದ ಪೊಟ್ಟಣಗಳಲ್ಲಿ ಹಳದಿ ನೀರು ನಿಂತಿತ್ತು, ಕೆಲವದರಲ್ಲಿ ಹಸಿರು ಚುಕ್ಕೆಗಳಿದ್ದವು. ಕೇಳಿದರೆ "ಅದು ಸಹಜ" ಎಂದರು. ಖಂಡಿತ ಸಹಜವಲ್ಲ. ಒಳ್ಳೆಯ ಬೀಜದ ಕಾಳಿನ ಮೇಲೆ ಬಿಳಿ ಎಳೆಗಳು ಹತ್ತಿಯ ಹಾಗೆ ಹಬ್ಬಿರುತ್ತವೆ. ಹಸಿರು ಕಂಡರೆ ಅದು ಟ್ರೈಕೋಡರ್ಮಾದಂಥ ಬೂಸ್ಟು. ಹದಿನೈದೇ ದಿನಕ್ಕೆ 180 ಚೀಲ ಹಸಿರಾಗಿ ತಿಪ್ಪೆ ಸೇರಿದವು.

ಉಳಿದ 320 ಚೀಲಗಳಲ್ಲಿ ಸಿಕ್ಕಿದ್ದು 190 ಕಿಲೋ ಹಸಿ ಅಣಬೆ. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಒಣಗಿದ ಮೇಲೆ 19 ಕಿಲೋ ಉಳಿಯಿತು. ಅದನ್ನೂ ಬಣ್ಣ ಸರಿಯಿಲ್ಲವೆಂದು ತಿರುಗಿಸಿ ಕಳಿಸಿದರು. ಗುಣಮಟ್ಟದ ಬಗ್ಗೆ ಕಂಪನಿಯ ಮಾತೇ ಅಂತಿಮ ಎಂದು ಒಪ್ಪಂದದ ಮೂರನೆಯ ಪುಟದಲ್ಲಿತ್ತು, ನಾನು ಓದಿರಲಿಲ್ಲ. ಆಮೇಲೆ ಅವರ ಫೋನ್ ಹತ್ತಲೇ ಇಲ್ಲ.

ಚೆನ್ನಾಗಿ ಬೆಳೆದರೂ ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋದಿಂದ ಹೆಚ್ಚೆಂದರೆ ಒಂದು ಕಿಲೋ ಹಸಿ ಅಣಬೆ ಎಂಬುದು ತರಬೇತಿಗೆ ಹೋದ ಮೇಲೆ ತಿಳಿಯಿತು. ಅಣಬೆ ಪ್ರೋಟೀನನ್ನು ಶೂನ್ಯದಿಂದ ತರುವುದಿಲ್ಲ. ಹುಲ್ಲಿನ ಗಟ್ಟಿ ನಾರನ್ನು ಕರಗಿಸಿ, ಪ್ರೋಟೀನಿಗೆ ಬೇಕಾದ ಸಾರಜನಕವನ್ನೂ ಅದರಿಂದಲೇ ಹೀರಿ ತನ್ನ ಮೈ ಕಟ್ಟಿಕೊಳ್ಳುತ್ತದೆ. ಒಂದು ಕಿಲೋ ಹುಲ್ಲಿನಲ್ಲಿ ಪ್ರೋಟೀನ್ ಇರುವುದೇ ಸುಮಾರು 40 ಗ್ರಾಂ. ಎರಡೂವರೆ ಕಿಲೋ ಅಣಬೆಗೆ 60 ಗ್ರಾಂಗೂ ಹೆಚ್ಚು ಬೇಕು. ಇಲ್ಲದ್ದನ್ನು ಅದು ಎಲ್ಲಿಂದ ತಂದೀತು?

ಆ ಹುಡುಗಿಗೆ ಠೇವಣಿ ಕಟ್ಟಬೇಡ ಎಂದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿಯೂ ಬೀಜವೂ ಸಿಗುತ್ತವೆ. ಮೊದಲು ಹತ್ತೇ ಚೀಲ ಕಟ್ಟಿ, ಬಂದ ಅಣಬೆಯನ್ನು ಹಸಿಯಾಗಿಯೇ ನಿಮ್ಮ ಸಂತೆಯಲ್ಲಿ ಮಾರಿ ನೋಡಿ ಎಂದೂ ಹೇಳಿದೆ. ಆ ಒಪ್ಪಂದದ ಪ್ರತಿ ನನ್ನ ಬಳಿ ಇದೆ. ಸಹಿ ಹಾಕಲು ಹೊರಟವರು ಬಂದು ಮೂರನೆಯ ಪುಟವನ್ನು ಓದಿಕೊಂಡು ಹೋಗಬಹುದು.