ಹೀರೋಯಿನ್ ಮೂಗು ಕೇಳಿದರೆ ಕೊಡ್ತಾರಾ? ಹುಬ್ಬಳ್ಳಿಯ ಒಂದು ಕ್ಲಿನಿಕ್ ಅನುಭವ

ಐದಕ್ಕೆ ಎರಡು ಸ್ಟಾರ್. ಆ ಎರಡೂ ಒಳಗೆ ಕೂತಿದ್ದ ಡಾಕ್ಟರಿಗೆ.

ಅಕ್ಕನ ಮಗಳಿಗೆ 19 ವರ್ಷ. ಧಾರವಾಡದಿಂದ ಚಿಗರಿ ಬಸ್ ಹತ್ತಿ ಈ ಕಾಸ್ಮೆಟಿಕ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಒಬ್ಬ ಹೀರೋಯಿನ್ ಫೋಟೊ ತೋರಿಸುತ್ತಿದ್ದಳು. "ಮೌಶಿ, ನನಗ ಇಂಥಾದಽ ಮೂಗು ಬೇಕು ನೋಡು." ಅವಳ ಮೂಗು ನಮ್ಮ ಅವ್ವನದು, ನನ್ನದೂ ಅದೇ. ಸ್ವಲ್ಪ ಚುರುಕ್ ಅಂದಿತು, ಸುಳ್ಳು ಯಾಕೆ ಹೇಳಲಿ.

ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಇವಳ ಮುಖಕ್ಕೆ ಆ ಮೂಗು ಕೂರಿಸಿ ತೋರಿಸಿದಳು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಅಂತೆ, ಆಷಾಢದ ಸೀರೆ ಸೇಲ್ ಇದ್ದ ಹಾಗೆ! ಅಪಾಯದ ಮಾತೇ ಇಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಿದ್ದು ನನಗೆ ನೆನಪಿತ್ತು.

ಡಾಕ್ಟರ್ ಮಾತ್ರ ಫೋಟೊ ಪಕ್ಕಕ್ಕಿಟ್ಟರು. ಉಸಿರಾಟಕ್ಕೆ ತೊಂದರೆ ಇದೆಯಾ, ಯಾರಾದರೂ ಆಡಿಕೊಂಡರಾ ಎಂದು ಕೇಳಿದರು. ಕಾಲೇಜಿನಲ್ಲಿ ಇವಳನ್ನು "ಗಿಣಿ" ಅಂತಾರಂತೆ. ನನಗೂ ಅವತ್ತೇ ಗೊತ್ತಾಗಿದ್ದು. ಎಲುಬು, ಚರ್ಮದ ದಪ್ಪ ಒಬ್ಬೊಬ್ಬರದು ಒಂದೊಂದು ತರಹ, ಬೇರೆಯವರ ಮೂಗನ್ನು ಅಚ್ಚು ಹಾಕಿ ಕೊಡಲು ಆಗದು ಎಂದರು. ಊತ ಪೂರ್ತಿ ಇಳಿಯಲು ವರ್ಷವೇ ಬೇಕಾಗಬಹುದು, ಕೆಲವರಿಗೆ ಎರಡನೇ ಆಪರೇಶನ್ನೂ ಆಗುತ್ತದೆ. "ಆರು ತಿಂಗಳು ಬಿಟ್ಟು ಬಾ, ಆಗಲೂ ಬೇಕೆನಿಸಿದರೆ ನೋಡೋಣ."

ಒಳಗೆ ಇಷ್ಟು ಹೇಳುವವರು ಹೊರಗೆ ಗೋಡೆ ತುಂಬ ನಟಿಯರ ಫೋಟೊ ಯಾಕೆ ಅಂಟಿಸಿದ್ದಾರೆ? ಆ ನಟಿಯರನ್ನು ಕೇಳಿದ್ದಾರಾ?

ಫೀಸು 600 ರೂಪಾಯಿ. ಮರುದಿನ ಕೌಂಟರಿನಿಂದ ಮೂರು ಸಲ ಫೋನ್ ಬಂತು. ನನಗಲ್ಲ, ಹುಡುಗಿಗೆ.